ತುಪ್ಪದ ಗಾಡಿಯ ಕಂಟ್ರೋಲರ್

"ಗುರುಗಳೇ, ಒಂದು ಕಂಟ್ರೋಲರ್ ಸುಟ್ಟಿತು, ಬದಲಿಸಿದೆ. ಎರಡನೆಯದು ಸುಟ್ಟಿತು, ಅದನ್ನೂ ಬದಲಿಸಿದೆ. ಈಗ ಮೂರನೆಯದೂ ಸುಟ್ಟಿದೆ. ಕೆಟ್ಟಿರುವುದು ಕಂಟ್ರೋಲರೋ, ನನ್ನ ಕೈಯೋ?"

ಹೀಗೆ ಕೇಳಿದವನು ನನ್ನ ಶಿಷ್ಯ ಯತಿರಾಜ. ರಿಮೋಟಿನಿಂದ ಓಡುವ ಪುಟ್ಟ ಕಾರು, ದೋಣಿ, ವಿಮಾನಗಳನ್ನು ರಿಪೇರಿ ಮಾಡುವುದು ನಮ್ಮ ಕೆಲಸ. ನನ್ನನ್ನು ಗುರುಗಳೇ ಎಂದು ಕರೆಯುವವನು ಈ ಭೂಮಿಯ ಮೇಲೆ ಅವನೊಬ್ಬನೇ. ಅವನ ಅಂಗೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿತ್ತು. ಅದೇ ಸ್ಪೀಡ್ ಕಂಟ್ರೋಲರ್. ಬ್ಯಾಟರಿಗೂ ಮೋಟಾರಿಗೂ ನಡುವೆ ಅದು ಕುಳಿತಿರುತ್ತದೆ. ಎಷ್ಟು ವೇಗ ಬೇಕೆಂದು ರಿಮೋಟ್ ಹೇಳುತ್ತದೆ, ಅಷ್ಟು ಕರೆಂಟನ್ನು ಅದು ಮೋಟಾರಿಗೆ ಬಿಡುತ್ತದೆ. ಯತಿರಾಜನ ಕೈಯಲ್ಲಿದ್ದದ್ದು ಒಂದು ದೋಣಿಯದು. ಅದರ ಬದಿಯಲ್ಲಿ ಕಡಲೆಕಾಳಿನಷ್ಟು ತೂತು ಬಿದ್ದಿತ್ತು.

"ನಾಲ್ಕನೆಯದೂ ಸುಟ್ಟರೆ ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ" ಎಂದ.

"ಹೆದರಬೇಡ" ಎಂದೆ. "ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಾನು ಬದುಕಿಸದ ಕಂಟ್ರೋಲರ್ ಇಲ್ಲ. ಸತ್ತ ಕಂಟ್ರೋಲರುಗಳು ನನ್ನ ಚಪ್ಪಲಿಯ ಸದ್ದು ಕೇಳಿದರೆ ಎದ್ದು ಕೂರುತ್ತವೆ."

ಅವನು ಕೈ ಮುಗಿದ. ನನಗೆ ನಾಚಿಕೆಯಾಯಿತು.

"ಇದು ಸುಳ್ಳು" ಎಂದೆ. "ನಾನು ಬದುಕಿಸಿದ್ದಕ್ಕಿಂತ ಕೊಂದದ್ದೇ ಹೆಚ್ಚು. ಆದರೆ ಈಗ ಹೇಳುವ ಕತೆ ನಿಜ. ನಡುವೆ ಎಲ್ಲಾದರೂ ಸುಳ್ಳು ಬಂದರೆ ನಾನೇ ಹೇಳುತ್ತೇನೆ. ನೀನು ಹುಡುಕುವ ಕಷ್ಟ ತೆಗೆದುಕೊಳ್ಳಬೇಡ."

ಒಂದು ಊರಿನಲ್ಲಿ ಒಬ್ಬ ಬಡಿಸುವವನಿದ್ದ.

ಮದುವೆ ಮನೆಗಳಲ್ಲಿ ತುಪ್ಪ ಬಡಿಸುವುದು ಅವನ ಕೆಲಸ. ಅನ್ನಕ್ಕೆ ನಾಲ್ಕು ಜನ, ಸಾರಿಗೆ ಇಬ್ಬರು, ಪಲ್ಯಕ್ಕೆ ಯಾರು ಸಿಕ್ಕಿದರೆ ಅವರು. ತುಪ್ಪಕ್ಕೆ ಮಾತ್ರ ಅವನೊಬ್ಬನೇ. ನಲವತ್ತು ವರ್ಷ ಪಂಕ್ತಿಯ ಮುಂದೆ ಬಗ್ಗಿ ನಡೆದಿದ್ದ. ಸಾಕು ಎಂದವರ ಎಲೆಗೆ ಇನ್ನೊಂದು ಚಮಚ ಬೀಳದೆ ಅವನು ಮುಂದಿನ ಎಲೆಗೆ ಹೋದದ್ದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳುಗಳ ಸಂದಿಯಲ್ಲಿ ಬಡಿಸುತ್ತಿದ್ದ. ಎರಡೂ ಕೈ ಅಡ್ಡ ಹಿಡಿದ ಒಬ್ಬ ವಕೀಲರಿಗೆ ಮೊಣಕೈಯ ಮೇಲೆ ಬಡಿಸಿದಾಗ ಅದು ಜಾರಿ ಎಲೆಗೇ ಬಂತೆಂದು ಹೇಳುತ್ತಾರೆ. ಇದು ಸುಳ್ಳು. ಆದರೆ ವಕೀಲರು ಇದ್ದದ್ದು ನಿಜ.

ಅರವತ್ತೆಂಟನೆಯ ವಯಸ್ಸಿಗೆ ಅವನ ಮಂಡಿ ಹೋಯಿತು. ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಅವನು ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತ.

ಅವನಿಗೆ ಒಬ್ಬಳೇ ಮೊಮ್ಮಗಳು. ಹೆಸರು ಚಂಪಾ. ಅವಳ ಮದುವೆ ಗೊತ್ತಾಯಿತು. ಅವಳು ಅಜ್ಜನ ಎದುರಿಗೆ ಬಂದು ನಿಂತಳು.

"ಅಜ್ಜ, ನನ್ನ ಮದುವೆಯ ಪಂಕ್ತಿಗೆ ತುಪ್ಪ ನೀನೇ ಬಡಿಸಬೇಕು."

"ಮಂಡಿ ಎಲ್ಲಿಂದ ತರಲಿ ತಾಯಿ?"

"ಮಂಡಿ ನಾನು ತಂದಿದ್ದೀನಿ" ಎಂದು ಒಂದು ಪೆಟ್ಟಿಗೆ ಬಿಚ್ಚಿದಳು.

ಒಳಗೆ ರಿಮೋಟಿನಿಂದ ಓಡುವ ಗಾಡಿಯೊಂದಿತ್ತು. ಊಟದ ಮಣೆಯಷ್ಟು ಅಗಲ, ನಾಲ್ಕು ಚಕ್ರ. ಅವಳು ಅದರ ಬೆನ್ನಿಗೆ ತಟ್ಟೆಯೊಂದನ್ನು ಕೂರಿಸಿದಳು. ತಟ್ಟೆಯ ಮೇಲೆ ತುಪ್ಪದ ಪಾತ್ರೆ, ಪಾತ್ರೆಯೊಳಗೆ ಉದ್ದ ಹಿಡಿಯ ಚಮಚ. ಅಜ್ಜ ಕುರ್ಚಿಯಲ್ಲಿ ಕುಳಿತು ರಿಮೋಟಿನ ಗುಂಡಿ ಒತ್ತಬೇಕು. ಗಾಡಿ ಪಂಕ್ತಿಯ ಮುಂದೆ ಓಡಿ, ಒಂದೊಂದು ಎಲೆಯ ಕಡೆಗೂ ಮೂತಿ ತಿರುಗಿಸಿ ನಿಲ್ಲಬೇಕು. ಊಟಕ್ಕೆ ಕುಳಿತವರ ಬಲಗೈ ಎಂಜಲು. ಆದ್ದರಿಂದ ಅವರು ಎಡಗೈಯಲ್ಲಿ ಚಮಚ ಎತ್ತಿ ತಾವೇ ಹಾಕಿಕೊಳ್ಳಬೇಕು.

ಬಡಿಸುವವ ಮೊದಲು ಮುಖ ತಿರುಗಿಸಿದ. ಆಮೇಲೆ ರಿಮೋಟನ್ನು ಕೈಗೆತ್ತಿಕೊಂಡ. ಆಮೇಲೆ ಮೂರು ದಿನ ಕೆಳಗಿಡಲಿಲ್ಲ. ಮನೆಯ ಬೆಕ್ಕು ಅಟ್ಟ ಹತ್ತಿ ಅಲ್ಲೇ ಉಳಿಯಿತು.

ಮದುವೆಗೆ ಎರಡು ತಿಂಗಳಿತ್ತು. ಬೀಗರ ಪಂಕ್ತಿಯ ಮುಂದೆ ಗಾಡಿ ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು. ಅಷ್ಟೇ ಅವನ ಆಸೆ. ಅದಕ್ಕೆ ಮೊದಲು ಕೈ ಪಳಗಲಿ ಎಂದು ಅವನು ಊರಿನ ಬೇರೆ ಊಟಗಳಿಗೆ ಗಾಡಿ ತೆಗೆದುಕೊಂಡು ಹೋದ.

ಮೊದಲು ಒಂದು ನಾಮಕರಣ. ಗಾಡಿ ಹೊರಟಾಗ ಪಂಕ್ತಿಯೇ ಚಪ್ಪಾಳೆ ತಟ್ಟಿತು. ಒಂದು ಸುತ್ತು ಚೆನ್ನಾಗಿ ಆಯಿತು. ಎರಡನೆಯ ಸುತ್ತಿನಲ್ಲಿ ಗಾಡಿ ನಿಂತಿತು, ಹೊಗೆ ಬಂತು.

"ಅಜ್ಜ, ತುಪ್ಪ ಇನ್ನೂ ಕಾಯ್ತಾ ಇದೆಯಾ?" ಎಂದು ಯಾರೋ ಕೂಗಿದರು. ಪಂಕ್ತಿ ನಕ್ಕಿತು. ಬಡಿಸುವವ ನಗಲಿಲ್ಲ.

ಅದೇ ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಅವನು ನಾನಲ್ಲ. ಅವನಿಗೆ ನನಗಿಂತ ಕೂದಲು ಹೆಚ್ಚಿತ್ತು.

ಬಡಿಸುವವ ಗಾಡಿಯನ್ನು ಅವನ ಮೇಜಿನ ಮೇಲೆ ಇಟ್ಟ.

"ಏನಾಯ್ತು ಅಜ್ಜ?"

"ಹೊಗೆ ಬಂತು."

"ಎಲ್ಲಿಂದ?"

"ಗಾಡಿಯಿಂದ ಕಣಯ್ಯ. ನನ್ನಿಂದ ಬರುತ್ತಾ?"

ರಿಪೇರಿಯವ ಕಂಟ್ರೋಲರನ್ನು ಬಿಚ್ಚಿ ಮೂಸಿದ. ಅದರಿಂದ ಮೋಟಾರಿಗೆ ಮೂರು ತಂತಿಗಳು ಹೋಗುತ್ತವೆ. ಬ್ಯಾಟರಿಯ ಕೆಂಪು ತಂತಿಗೂ ಆ ಮೂರಕ್ಕೂ ನಡುವೆ ಒಂದೊಂದಾಗಿ ಮೀಟರ್ ಹಿಡಿದ. ಎರಡರಲ್ಲಿ ಮೀಟರ್ ಸುಮ್ಮನಿತ್ತು. ಮೂರನೆಯದರಲ್ಲಿ ಕುಂಯ್ ಎಂದಿತು. ಕೂಗಬಾರದ ಕಡೆ ಕೂಗಿದರೆ ಒಳಗೆ ಬೆಂದಿದೆ ಎಂದು ಅರ್ಥ.

ಹೊಸದನ್ನು ಹಾಕಿದ. ಬ್ಯಾಟರಿಯ ದಾರಿಯಲ್ಲಿ ಮೊದಲು ಒಂದು ಬಲ್ಬ್ ಕಟ್ಟಿದ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಕಂಟ್ರೋಲರ್ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿನುಗಿ ಆರಿತು. ಚಕ್ರಗಳನ್ನು ಕೈಯಲ್ಲಿ ತಿರುಗಿಸಿದ, ಸಲೀಸಾಗಿ ತಿರುಗಿದವು. ತುಪ್ಪದ ಪಾತ್ರೆಯ ಬದಲು ಒರಳಿನ ಗುಂಡುಕಲ್ಲನ್ನು ಹೊರಿಸಿ ಓಣಿಯ ತುದಿಯವರೆಗೆ ಓಡಿಸಿದ. ಗಾಡಿ ಹೋಯಿತು, ಬಂತು.

"ಸರಿಹೋಯ್ತು" ಎಂದ.

ಎರಡನೆಯದು ಒಂದು ಗೃಹಪ್ರವೇಶ. ಅಲ್ಲಿಯೂ ಒಂದು ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ ಹೊಗೆ ಬಂತು.

ರಿಪೇರಿಯವ ಯೋಚಿಸಿದ. ಡಬ್ಬಿ ಚಿಕ್ಕದಾಯಿತು, ಭಾರ ತಡೆಯುತ್ತಿಲ್ಲ ಎಂದು ದೊಡ್ಡದನ್ನು ತರಿಸಿದ. ಅದರ ತಲೆಯ ಮೇಲೆ ಒಂದು ಪುಟ್ಟ ಫ್ಯಾನು ಕೂರಿಸಿದ. ತುಪ್ಪವೇನಾದರೂ ಒಳಗೆ ಸೋರಿದೆಯೋ ಎಂದು ಬೆರಳು ಹಾಕಿ ನೋಡಿದ.

"ತುಪ್ಪ ಚೆಲ್ಲಿತ್ತಾ ಅಜ್ಜ?"

"ಏನಯ್ಯ ಅಂದೆ?" ಬಡಿಸುವವ ಕುರ್ಚಿಯಿಂದ ಅರ್ಧ ಎದ್ದ. "ನಲವತ್ತು ವರ್ಷದಲ್ಲಿ ಒಂದು ಹನಿ ಎಲೆಯಿಂದಾಚೆ ಬಿದ್ದಿಲ್ಲ. ನಿನ್ನ ತಂತಿಗಳ ಮೇಲೆ ಏನು ಬೇಕಾದರೂ ಹೇಳ್ಕೋ. ನನ್ನ ತುಪ್ಪದ ಸುದ್ದಿಗೆ ಬರಬೇಡ."

ಒಳಗೆ ತುಪ್ಪವಿರಲಿಲ್ಲ. ರಿಪೇರಿಯವ ತಪ್ಪಾಯಿತು ಎಂದ. ಗುಂಡುಕಲ್ಲಿನ ಜೊತೆ ಪಕ್ಕದ ಮನೆಯ ಗುಂಡುಕಲ್ಲನ್ನೂ ಹೊರಿಸಿದ. ಗಾಡಿ ಇಡೀ ಬೆಳಗ್ಗೆ ಓಣಿಯಲ್ಲಿ ಓಡಿತು. ಕಂಟ್ರೋಲರ್ ಬೆಚ್ಚಗಾಯಿತೇ ಹೊರತು ಬಿಸಿಯಾಗಲಿಲ್ಲ.

ಮೂರನೆಯದು ಒಂದು ಉಪನಯನ. ಎರಡನೆಯ ಸುತ್ತು, ಹೊಗೆ.

ಈಗ ಮದುವೆಗೆ ಎಂಟು ದಿನವಿತ್ತು. ರಿಪೇರಿಯವ ಇನ್ನೂ ದೊಡ್ಡದನ್ನು ತರಿಸಿದ. ಅಂಗಡಿಯವನ ಹತ್ತಿರ ಇದ್ದದ್ದು ಅದೊಂದೇ, ಇನ್ನೊಂದು ಬರಲು ಹದಿನೈದು ದಿನ ಬೇಕು. ಅದು ಇಟ್ಟಿಗೆಯಷ್ಟಿತ್ತು. ಬಡಿಸುವವ ನೋಡಿದ.

"ಇದೂ ಸುಟ್ಟರೆ ಮುಂದಿನ ಸಲ ಗಾಡಿಯನ್ನೇ ಕಂಟ್ರೋಲರ್ ಮೇಲೆ ಇಡಬೇಕಾಗುತ್ತೆ" ಎಂದ. ಆಮೇಲೆ ಮೆಲ್ಲಗೆ ಹೇಳಿದ: "ನೋಡಪ್ಪ, ಮದುವೆ ದಿನ ಸುಟ್ಟರೆ ನಕ್ಕು ಬಿಡೋಕಾಗಲ್ಲ. ಬೀಗರ ಮುಂದೆ ತುಪ್ಪದ ಪಾತ್ರೆ ನಡುದಾರಿಯಲ್ಲಿ ನಿಂತರೆ, ನಲವತ್ತು ವರ್ಷದ್ದು ಅಲ್ಲಿಗೇ ಹೋಯ್ತು. ಆಗಲ್ಲ ಅನ್ನೋದಾದರೆ ಈಗಲೇ ಹೇಳು. ಚಂಪಾಗೆ ನಾನೇ ಹೇಳ್ತೀನಿ."

ಉತ್ತರ ಹೊಳೆಯದ ರಿಪೇರಿಯವರು ಪ್ರಶ್ನೆ ಕೇಳುತ್ತಾರೆ. ಅವನೂ ಕೇಳಿದ.

"ಮೂರು ಸಲವೂ ಎಲ್ಲಿ ಸುಟ್ಟಿತು?"

"ಮೊದಲನೇದು ಎಂಟನೇ ಎಲೆ. ಸಕ್ಕರೆ ಕಾಯಿಲೆ ಮೇಷ್ಟ್ರು ಕೂತಿದ್ದರು. ಎರಡನೇದು ಇಪ್ಪತ್ತನೇ ಎಲೆ. ತೂಕ ಇಳಿಸ್ತಾ ಇರೋ ಬ್ಯಾಂಕಿನ ಮೇಡಂ. ಮೂರನೇದು ಮೂರನೇ ಎಲೆ. ಎದೆ ಆಪರೇಷನ್ ಆಗಿ, ಜಿಡ್ಡು ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿರೋ ರಾಯರು."

ರಿಪೇರಿಯವ ಚೀಟಿಯಲ್ಲಿ ಬರೆದುಕೊಂಡ. ಎಂಟು, ಇಪ್ಪತ್ತು, ಮೂರು. ಎಲೆಯಿಂದ ಎಲೆಗೆ ಎಷ್ಟು ದೂರ, ಗಾಡಿ ಎಷ್ಟು ಹೊತ್ತು ಓಡಿತು ಎಂದು ಲೆಕ್ಕ ಹಾಕಿದ. ಒಂದಕ್ಕೊಂದು ಹೊಂದಲಿಲ್ಲ. ಅವನು ಎಲೆಯ ನಂಬರನ್ನು ಬರೆದುಕೊಂಡು, ಎಲೆಯ ಹಿಂದೆ ಕುಳಿತವರನ್ನು ಬಿಟ್ಟಿದ್ದ.

ನೀನು ನಗಬೇಡ ಯತಿರಾಜ. ನಾನೂ ಹಾಗೇ... ಅಂದರೆ, ಆ ರಿಪೇರಿಯವನೂ ಹಾಗೇ ಕೆಲಸ ಕಲಿತವನು.

ಮದುವೆಗೆ ನಾಲ್ಕು ದಿನ ಮೊದಲು ಬಡಿಸುವವನ ಮನೆಯಲ್ಲಿ ದೇವರ ಸಮಾರಾಧನೆ ಇತ್ತು. ನೆಂಟರು, ನೆರೆಯವರು, ನಲವತ್ತು ಎಲೆ. ರಿಪೇರಿಯವನನ್ನು ಯಾರೂ ಕರೆದಿರಲಿಲ್ಲ. ಗಾಡಿ ಓಡುವುದನ್ನು ಹತ್ತಿರದಿಂದ ನೋಡಬೇಕು ಎಂದು ಅವನು ತಾನಾಗಿ ಹೋದ. ಹೋಳಿಗೆ ಇದೆ ಎಂದು ಕೇಳಿದ್ದು ಇನ್ನೊಂದು ಕಾರಣ. ಮೀಟರನ್ನು ಪಕ್ಕದಲ್ಲಿಟ್ಟುಕೊಂಡು ಹನ್ನೊಂದನೆಯ ಎಲೆಗೆ ಕುಳಿತ.

ಮೊದಲ ಸುತ್ತು ಬಂತು. ಅನ್ನ, ತೊವ್ವೆ, ಅದರ ಮೇಲೆ ತುಪ್ಪ. ಮೊದಲ ತುಪ್ಪವನ್ನು ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಎಲ್ಲರೂ ಹಾಕಿಕೊಂಡರು. ಗಾಡಿ ಹೋಯಿತು, ಬಂತು. ರಿಪೇರಿಯವ ಕಣ್ಣು ಮಿಟುಕಿಸದೆ ನೋಡಿದ. ಏನೂ ಕಾಣಲಿಲ್ಲ.

ಅವನು ಐದು ಹೋಳಿಗೆ ತಿಂದ. ಇದು ಸುಳ್ಳು. ಎಂಟು ತಿಂದ. ಮೊದಲ ಸುತ್ತಿನಲ್ಲಿ ಸುರಿದುಕೊಂಡ ತುಪ್ಪ ಎಂಟಕ್ಕೂ ಸಾಕಾಯಿತು. ಹೊಟ್ಟೆ ತುಂಬಿತು. ಆಗ ಎರಡನೆಯ ಸುತ್ತಿನ ಗಾಡಿ ಬಂದು ಅವನ ಎಲೆಯ ಕಡೆ ಮೂತಿ ತಿರುಗಿಸಿತು.

"ಸಾಕು ಅಜ್ಜ" ಎಂದು ಅವನು ಗಾಡಿಯ ಮುಂದೆ ಎಡಗೈ ಅಡ್ಡ ಇಟ್ಟ.

ಪಂಕ್ತಿಯ ತುದಿಯಲ್ಲಿ ಕುರ್ಚಿಯ ಮೇಲೆ ಬಡಿಸುವವ ಕುಳಿತಿದ್ದ. "ಏನು ಸಾಕು? ಹಾಕ್ಕೊಳ್ಳಯ್ಯ!"

ಗಾಡಿ ಅಂಗೈಗೆ ಮುಟ್ಟಿತು. ನಿಲ್ಲಲಿಲ್ಲ, ತಳ್ಳಿತು.

"ಬೇಡ ಅಜ್ಜ, ಜಾಗ ಇಲ್ಲ."

"ಇನ್ನೊಂದೇ ಚಮಚ!"

ಗಾಡಿ ಇನ್ನೂ ಜೋರಾಗಿ ತಳ್ಳಿತು. ಅವನೂ ತಳ್ಳಿದ.

"ಬಿಡಬೇಡಿ ಅಜ್ಜ!" ಎಂದು ಎದುರಿನ ಸಾಲು ಕೂಗಿತು. "ನೋಡೋಣ, ಯಾರು ಗೆಲ್ತಾರೆ!"

ಹೋಳಿಗೆಯ ಸುಖದಲ್ಲಿದ್ದ ರಿಪೇರಿಯವನ ಕಿವಿಗೆ ಒಂದು ಸದ್ದು ಬಿತ್ತು. ಮೋಟಾರು ನರಳುತ್ತಿತ್ತು. ಚಕ್ರ ತಿರುಗುತ್ತಿಲ್ಲ, ಗುಂಡಿ ಬಿಟ್ಟಿಲ್ಲ. ಕೆಲಸ ಮಾಡಲು ಹೊರಟ ಕರೆಂಟಿಗೆ ಕೆಲಸವಿಲ್ಲ, ಹಿಂದೆ ಹೋಗಲು ದಾರಿಯೂ ಇಲ್ಲ. ಅಂಥ ಕರೆಂಟು ಬೆಂಕಿಯಾಗುತ್ತದೆ. ಗುಂಡುಕಲ್ಲು ಎಷ್ಟೇ ಭಾರವಿರಲಿ, ಅದು ಬೇಡ ಎಂದು ತಿರುಗಿ ತಳ್ಳುವುದಿಲ್ಲ. ಓಣಿಯಲ್ಲಿ ಗಾಡಿಗೆ ಅಡ್ಡ ಕೈ ಇಟ್ಟವರು ಒಬ್ಬರೂ ಇರಲಿಲ್ಲ.

ಸಕ್ಕರೆ ಕಾಯಿಲೆಯ ಮೇಷ್ಟ್ರು, ತೂಕ ಇಳಿಸುವ ಮೇಡಂ, ಜಿಡ್ಡು ಮುಟ್ಟದ ರಾಯರು. ಮೂವರೂ ಸಾಲಾಗಿ ಅವನ ಕಣ್ಣ ಮುಂದೆ ಬಂದು, ಎಡಗೈ ಅಡ್ಡ ಇಟ್ಟು ಕುಳಿತರು.

ಸುಟ್ಟ ವಾಸನೆ ಆಗಲೇ ಶುರುವಾಗಿತ್ತು. ಅವನು ಯೋಚಿಸದೆ ಎರಡೂ ಕೈಯಲ್ಲಿ ಗಾಡಿಯನ್ನು ಎತ್ತಿ ಹಿಡಿದ. ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು. ನರಳಾಟ ನಿಂತಿತು. ಕಂಟ್ರೋಲರ್ ಉಳಿಯಿತು.

"ಅಯ್ಯೋ, ಎಂಜಲು ಕೈ!" ಎಂದು ಬಡಿಸುವವನ ತಂಗಿ ಚೀರಿದಳು.

ಹೌದು. ತೊವ್ವೆ ಮೆತ್ತಿದ ಬಲಗೈ ತುಪ್ಪದ ಪಾತ್ರೆಯನ್ನು ತಬ್ಬಿಕೊಂಡಿತ್ತು. ಇಡೀ ಪಾತ್ರೆಯ ತುಪ್ಪ ಎಂಜಲಾಯಿತು. ಅದನ್ನು ರಿಪೇರಿಯವನಿಗೇ ಡಬ್ಬಿಯಲ್ಲಿ ಹಾಕಿ ಕೊಟ್ಟು ಕಳಿಸಿದರು. ಅವನ ಮನೆಯಲ್ಲಿ ಒಂದು ತಿಂಗಳವರೆಗೆ ದೋಸೆಗೆ ತುಪ್ಪದ ಕೊರತೆಯಾಗಲಿಲ್ಲ.

ಊಟವಾದ ಮೇಲೆ ಅವನು ಬಡಿಸುವವನ ಕುರ್ಚಿಯ ಪಕ್ಕ ಕುಳಿತ.

"ಅಜ್ಜ, ಗಾಡಿಗೆ ಏನೂ ಆಗಿಲ್ಲ. ಕಂಟ್ರೋಲರ್‌ದೂ ತಪ್ಪಿಲ್ಲ. ಅವರು ಬೇಡ ಅಂತಾರೆ, ನೀವು ಬಿಡಲ್ಲ. ನಡುವೆ ಅದು ಸಾಯ್ತಾ ಇದೆ. ಕೈ ಅಡ್ಡ ಬಂದರೆ ಗುಂಡಿ ಬಿಟ್ಟುಬಿಡಿ."

"ಬಿಟ್ಟು?"

"ಮುಂದಿನ ಎಲೆಗೆ ಹೋಗಿ."

"ಬೇಡ ಅಂದ ತಕ್ಷಣ ಹೋಗೋದಾ? ಅದಕ್ಕೆ ಬಡಿಸೋದು ಅಂತಾರಾ? ನೀರಿನ ಟ್ಯಾಂಕರಿನವನೂ ಹಾಗೇ ಹೋಗ್ತಾನೆ." ಬಡಿಸುವವನ ಧ್ವನಿ ಇಳಿಯಿತು. "ನಿನಗೆ ಗೊತ್ತಾಗಲ್ಲಪ್ಪ. ಬೀಗರು ಕೈ ಅಡ್ಡ ಇಡೋದು ಬೇಡ ಅಂತ ಅಲ್ಲ, ಒತ್ತಾಯ ಮಾಡಲಿ ಅಂತ. ಮಾಡದೆ ಹೋದರೆ ಹುಡುಗಿ ಕಡೆಯವರ ಉಪಚಾರ ಸಾಲದು ಅಂತ ಹತ್ತು ವರ್ಷ ಆಡ್ಕೊಳ್ತಾರೆ. ಆ ಮಾತು ಕೇಳ್ಕೊಂಡು ಆ ಮನೆಯಲ್ಲಿ ಇರಬೇಕಾದವಳು ಚಂಪಾ."

ಒತ್ತಿದರೆ ಕಂಟ್ರೋಲರ್ ಸುಡುತ್ತದೆ. ಒತ್ತದಿದ್ದರೆ ಬೀಗರು ಸುಡುತ್ತಾರೆ. ರಿಪೇರಿಯವನ ಮೀಟರಿನಲ್ಲಿ ಇದನ್ನು ಅಳೆಯುವ ಗುರುತು ಇರಲಿಲ್ಲ.

ಅವನು ಮೀಟರನ್ನು ಬದಿಗಿಟ್ಟು ಹೇಳಿದ: "ಒತ್ತಬೇಡಿ. ಹೋಗಲೂ ಬೇಡಿ. ಬೆರಳು ತೆಗೆದು ಅಲ್ಲೇ ನಿಲ್ಲಿ."

"ನಿಂತು ಏನು ಮಾಡಲಿ?"

"ನಿಲ್ಲೋದು, ಅಷ್ಟೇ."

"ಬಡಿಸುವವನು ಸುಮ್ಮನೆ ನಿಲ್ಲೋದಾ?" ಎಂದು ಬಡಿಸುವವ ಗೊಣಗಿದ. ಆದರೂ ಆಗಲಿ ಎಂದ.

ಮೂರು ದಿನ ಅಭ್ಯಾಸ ನಡೆಯಿತು. ರಿಪೇರಿಯವ ನೆಲದ ಮೇಲೆ ಕುಳಿತು ಎಡಗೈ ಅಡ್ಡ ಇಟ್ಟು ಸಾಕು ಎನ್ನಬೇಕು. ಬಡಿಸುವವ ಬೆರಳು ತೆಗೆಯಬೇಕು. ಸಾಕು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬಡಿಸುವವನ ಬೆರಳು ಅವನನ್ನು ಕೇಳದೆ ಒತ್ತುತ್ತಿತ್ತು. ಗಾಡಿ ಹಾರಿ ರಿಪೇರಿಯವನ ಕೈ ಮೇಲೆ ಹತ್ತುತ್ತಿತ್ತು. ಅವನು ಕೂಡಲೇ ಎತ್ತಿ ಹಿಡಿಯುತ್ತಿದ್ದ. ಅವನ ಅಂಗೈಯಲ್ಲಿ ಟೈರಿನ ಗೀರುಗಳು ಮೂಡಿದವು. ಒಂದು ಸಾವಿರ ಸಲ ಅಭ್ಯಾಸ ಮಾಡಿದರು. ಇದು ಸುಳ್ಳು. ಅರವತ್ತು ಸಲ ಮಾಡಿದರು. ಮೂರನೆಯ ದಿನ ಸಂಜೆಯ ಹೊತ್ತಿಗೆ ಮೂರು ಸಲಕ್ಕೆ ಒಂದು ಸಲ ಬೆರಳು ಏಳುತ್ತಿತ್ತು.

ಮದುವೆಯ ದಿನ ಬಂತು. ಧಾರೆಯಾಯಿತು. ಬೀಗರ ಪಂಕ್ತಿಗೆ ಎಲೆ ಹಾಕಿದರು. ನಡುವೆ ಹುಡುಗ, ಅವನ ಪಕ್ಕ ಚಂಪಾ. ಹುಡುಗನ ಬಲಕ್ಕೆ ಹುಡುಗನ ತಂದೆ. ದೊಡ್ಡ ಬೀಗರು. ದಪ್ಪ ಮೀಸೆ, ಜರಿಯ ಶಲ್ಯ. ಬೇಡ ಎನ್ನುವುದರಲ್ಲಿ ಅವರು ಹೆಸರಾದವರು. ಒಂದು ಮದುವೆಯಲ್ಲಿ ಜಿಲೇಬಿಗೆ ಹನ್ನೆರಡು ಸಲ ಬೇಡ ಎಂದು, ಹದಿಮೂರನೆಯ ಸಲ ಯಾರೂ ಕೇಳಲಿಲ್ಲವೆಂದು ಸಿಟ್ಟಾಗಿ ಎದ್ದು ಹೋಗಿದ್ದರಂತೆ.

ಬಡಿಸುವವ ಪಂಕ್ತಿಯ ತುದಿಯಲ್ಲಿ ಕುರ್ಚಿಯ ಮೇಲೆ ಕುಳಿತ. ಹೊಸ ಪಂಚೆ ಉಟ್ಟಿದ್ದ. ರಿಪೇರಿಯವನಿಗೆ ಎದುರಿನ ಸಾಲಿನಲ್ಲಿ ಎಲೆ ಹಾಕಿದ್ದರು. ಈ ಸಲ ಕರೆದೇ ಹಾಕಿದ್ದರು. ಬಡಿಸುವವನ ತಂಗಿ ಮಾತ್ರ ಅವನ ಬಲಗೈಯ ಮೇಲೆ ಒಂದು ಕಣ್ಣಿಟ್ಟಿದ್ದಳು.

ಮೊದಲ ಸುತ್ತು ಆಯಿತು. ಬೀಗರ ಕಡೆಯವರು ಗಾಡಿಯನ್ನು ನೋಡಿ ಬೆರಗಾದರು. ಹೆಂಗಸರು ಮುಸಿಮುಸಿ ನಕ್ಕರು. ಒಬ್ಬ ಮುದುಕಿ ಗಾಡಿಗೆ ದೃಷ್ಟಿ ತೆಗೆದಳು.

ಎರಡನೆಯ ಸುತ್ತು ಶುರುವಾಯಿತು. ಗಾಡಿ ಒಂದೊಂದೇ ಎಲೆ ದಾಟಿ, ದೊಡ್ಡ ಬೀಗರ ಎಲೆಯ ಕಡೆಗೆ ಮೂತಿ ತಿರುಗಿಸಿತು.

ದೊಡ್ಡ ಬೀಗರು ಎಡಗೈ ಅಡ್ಡ ಇಟ್ಟರು. "ಸಾಕು."

ಪಂಕ್ತಿಯೆಲ್ಲ ಆ ಕಡೆ ತಿರುಗಿತು.

ಬಡಿಸುವವನ ಬೆರಳು ಒತ್ತಿತು. ಮೋಟಾರು ಒಮ್ಮೆ ನರಳಿತು. ರಿಪೇರಿಯವ ಊಟದ ನಡುವೆ ಎಲೆ ಬಿಟ್ಟು ಎದ್ದು ನಿಂತ.

"ಅಜ್ಜ" ಎಂದಳು ಚಂಪಾ. ಜೋರಾಗಿ ಅಲ್ಲ.

ಬಡಿಸುವವ ಅವಳನ್ನು ನೋಡಿದ. ಬೆರಳು ತೆಗೆದ. ರಿಮೋಟನ್ನು ಕುರ್ಚಿಯ ಮೇಲೆ ಇಟ್ಟ. ಆಮೇಲೆ ಎರಡೂ ಕೈಯನ್ನು ತೊಡೆಗೆ ಊರಿ ಮೆಲ್ಲಗೆ ಎದ್ದ. ಬಗ್ಗಲು ಆಗದ ಮಂಡಿಗೆ ನಿಲ್ಲಲು ಆಗುತ್ತಿತ್ತು. ಅವನು ಕೈ ಜೋಡಿಸಿ ನಿಂತ.

ಗಾಡಿಯೂ ನಿಂತಿತ್ತು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

ದೊಡ್ಡ ಬೀಗರು ಒತ್ತಾಯಕ್ಕಾಗಿ ಕಾದರು. ಒತ್ತಾಯ ಬರಲಿಲ್ಲ. ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಊರಿದರು. ಊರಿದ ಕೈಗೆ ಎದುರಾಗಿ ಏನೂ ಇರಲಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಸಾರಿನವನು ಸಾರು ಹಿಡಿದು ಅಲ್ಲೇ ನಿಂತುಬಿಟ್ಟಿದ್ದ.

ಹೀಗೆ ತುಂಬ ಹೊತ್ತು ಗುಂಡಿ ಮುಟ್ಟದೆ ಬಿಟ್ಟರೆ ಕೆಲವು ಕಂಟ್ರೋಲರುಗಳು ತಾವಾಗಿ ಒಂದು ಸದ್ದು ಮಾಡುತ್ತವೆ. ನಾನು ಇಲ್ಲಿದ್ದೇನೆ, ಮರೆಯಬೇಡಿ ಎಂದು. ಇಟ್ಟಿಗೆಯಷ್ಟು ದೊಡ್ಡ ಆ ಕಂಟ್ರೋಲರ್ ಹಕ್ಕಿಮರಿಯ ದನಿಯಲ್ಲಿ ಹೇಳಿತು:

"ಪೀಂ."

ದೊಡ್ಡ ಬೀಗರು ಗಾಡಿಯನ್ನು ನೋಡಿದರು. ಕೈ ಜೋಡಿಸಿ ನಿಂತ ಬಡಿಸುವವನನ್ನು ನೋಡಿದರು.

"ಇದೇನ್ರೀ ಇದು" ಎಂದರು. "ಒತ್ತಾಯ ಮಾಡೋರಿಗೆ ಬೇಡ ಅನ್ನಬಹುದು. ಹೀಗೆ ನಿಂತ್ಕೊಂಡರೆ ನಾನು ಏನನ್ನಲಿ?"

"ಪೀಂ" ಎಂದಿತು ಗಾಡಿ.

ಮೀಸೆಯ ಕೆಳಗೆ ನಗು ಒಡೆಯಿತು. ಅವರು ಕೈ ತೆಗೆದರು. ಅದೇ ಕೈಯಲ್ಲಿ ಚಮಚ ಎತ್ತಿ ಅನ್ನಕ್ಕೆ ತುಪ್ಪ ಹಾಕಿಕೊಂಡರು. ಚಮಚ ಕೆಳಗಿಡಲು ಹೋದವರು ಒಂದು ಕ್ಷಣ ತಡೆದು, ಇನ್ನೊಂದು ಹಾಕಿಕೊಂಡರು.

"ಬೀಗರೇ, ಕೂತ್ಕೊಳ್ಳಿ ನೀವು" ಎಂದು ಬಡಿಸುವವನಿಗೆ ಕೂಗಿ ಹೇಳಿದರು. "ಮೂವತ್ತು ವರ್ಷದಿಂದ ಮದುವೆ ಊಟ ಮಾಡ್ತಾ ಇದ್ದೀನಿ. ಬಾಯಿಗೆ ತುರುಕಿದವರೇ ಎಲ್ಲ. ನನ್ನ ಮಾತು ಕೇಳಿ, ಆಮೇಲೂ ಕಾದು ನಿಂತವರು ನೀವೊಬ್ಬರೇ."

ಪಂಕ್ತಿ ಗೊಳ್ಳೆಂದು ನಕ್ಕಿತು. ಬಡಿಸುವವ ಕುಳಿತ. ರಿಮೋಟ್ ಎತ್ತಿಕೊಂಡ. ಗಾಡಿ ಮುಂದಿನ ಎಲೆಗೆ ಹೋಯಿತು. ಅಲ್ಲಿಂದ ಮುಂದಕ್ಕೆ ಯಾರು ಕೈ ಅಡ್ಡ ಇಟ್ಟರೂ ಗಾಡಿ ನಿಂತಿತು, ಅಜ್ಜನ ಬೆರಳು ಎದ್ದಿತು. ಒಬ್ಬೊಬ್ಬರೂ ಪೀಂ ಕೇಳಿಸಿಕೊಳ್ಳಬೇಕೆಂದೇ ಕೈ ಅಡ್ಡ ಇಟ್ಟರು. ಪೀಂ ಎಂದ ಮೇಲೆ ಹಾಕಿಕೊಂಡರು. ಅಡುಗೆಮನೆಯಿಂದ ತುಪ್ಪದ ಇನ್ನೊಂದು ಪಾತ್ರೆ ತರಿಸಬೇಕಾಯಿತು. ಗಾಡಿ ಆ ತುದಿ ಮುಟ್ಟಿ ಈ ತುದಿಗೆ ಬಂತು. ಹೊಗೆ ಬರಲಿಲ್ಲ.

ಬಡಿಸುವವ ಕಂಟ್ರೋಲರಿನ ಮೇಲೆ ಕೈ ಇಟ್ಟು ನೋಡಿದ. ಅದು ತಣ್ಣಗಿತ್ತು. ಬೀಗರ ಪಂಕ್ತಿ ಎದ್ದ ಮೇಲೆ ಅವನು ಊಟಕ್ಕೆ ಕುಳಿತಾಗ, ಚಂಪಾ ಅರಿಶಿನದ ಕೈಯಲ್ಲಿ ಅಜ್ಜನ ಎಲೆಗೆ ತುಪ್ಪ ಬಡಿಸಿದಳು. ಅವನು ಕೈ ಅಡ್ಡ ಇಡಲಿಲ್ಲ.

ಇಷ್ಟು ಹೇಳಿ ನಾನು ನಿಲ್ಲಿಸಿದೆ.

ಯತಿರಾಜ ಸುಟ್ಟ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ದೋಣಿಯ ಮುಂದೆ ಯಾರೂ ಊಟಕ್ಕೆ ಕೂತಿರಲಿಲ್ಲವಲ್ಲ?"

"ಕೆರೆಯಲ್ಲಿ ಏನಿದೆ?"

"ನೀರಿದೆ. ದಡದ ಹತ್ತಿರ ಒಂದಿಷ್ಟು ಕಳೆ ಬೆಳೆದಿದೆ. ದೋಣಿ ಒಂದೊಂದು ಸಲ ಹೋಗಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ."

"ಸಿಕ್ಕಿಕೊಂಡಾಗ ನೀನೇನು ಮಾಡುತ್ತೀ?"

"ಬಿಡಿಸಿಕೊಂಡು ಬರಲಿ ಅಂತ ಪೂರ್ತಿ ಒತ್ತಿ..."

ಅವನು ಮಾತು ಮುಗಿಸಲಿಲ್ಲ. ತನ್ನ ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ನಕ್ಕ. ಆಮೇಲೆ ಹಣೆ ಚಚ್ಚಿಕೊಂಡ. ಕೆಲಸ ಬಿಡುವ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಹೋಟೆಲಿನ ಪುಟ್ಟನಂಜಪ್ಪ ನಾವು ಕುಡಿದಿಟ್ಟ ಟೀ ಲೋಟಗಳನ್ನು ತೆಗೆದುಕೊಂಡು ಹೋಗಲು ಬಂದ. ಎರಡು ಲೋಟ ಎತ್ತಿಕೊಂಡು, ಹೋಗದೆ ಅಲ್ಲೇ ನಿಂತ. ಯತಿರಾಜ ನನ್ನ ಮುಖ ನೋಡಿದ.

"ನನ್ನ ಟೀ ದುಡ್ಡು ನೀನೇ ಕೊಡಬೇಕು ಅಂತ ಒತ್ತಾಯವಿಲ್ಲ ಯತಿರಾಜ, ನಾನು ಸುಮ್ಮನೆ ಕಾದಿರುತ್ತೇನೆ, ಅಷ್ಟೇ" ಎಂದೆ.